ಗಡಿಸೀಮೆಗೆ ಬಂದ ಕನ್ನಡ ಪುಸ್ತಕ: ಅಚ್ಚು, ಪುಟ, ಮುಖಪುಟ

ಈ ಸ್ಮರಣ ಸಂಚಿಕೆಯನ್ನು ಕೈಗೆತ್ತಿಕೊಂಡ ಹಿರಿಯರು, ಹಳೆಯ ವಿದ್ಯಾರ್ಥಿಗಳು ಹಾಗೂ ಪಾಲಕರು ಮೊದಲು ಕಂಡಿರುವುದು ಇದರ ಮುಖಪುಟವನ್ನು. ಒಳಗಿನ ಲೇಖನಗಳನ್ನು ಬರೆದವರ ಹೆಸರುಗಳು ಪರಿವಿಡಿಯಲ್ಲಿವೆ. ಆದರೆ ಪುಟದ ಅಂಚು ಎಷ್ಟಿರಬೇಕು, ಸಾಲಿಗೂ ಸಾಲಿಗೂ ನಡುವೆ ಎಷ್ಟು ತೆರಪು ಬಿಡಬೇಕು, ಶಾಲೆಯ ಹೆಸರು ಯಾವ ಬಗೆಯ ಅಕ್ಷರದಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸಿದ ಕೈ ಸಾಮಾನ್ಯವಾಗಿ ಓದುಗರ ಕಣ್ಣಿಗೆ ಬೀಳುವುದಿಲ್ಲ. ಈ ಸಂಚಿಕೆಯ ಮಟ್ಟಿಗೆ ಆ ಕೈ ನಮ್ಮ ಶಾಲೆಯಲ್ಲೇ ಅಕ್ಷರ ಕಲಿತು, ಈಗ ಹೈದರಾಬಾದಿನಲ್ಲಿ ಗ್ರಾಫಿಕ್ ವಿನ್ಯಾಸ ಓದುತ್ತಿರುವ ಒಬ್ಬ ವಿದ್ಯಾರ್ಥಿನಿಯದು.

ಸಂಪಾದಕ ಸಮಿತಿಯಲ್ಲಿರುವ ನಾವು ಆಕೆಗೆ ಈ ಕೆಲಸವನ್ನು ವಹಿಸಿದಾಗ, ಆಕೆ ಒಂದು ಗೆರೆಯನ್ನೂ ಎಳೆಯುವ ಮೊದಲು ಒಂದು ಪ್ರಶ್ನೆ ಕೇಳಿದಳು: “ಸರ್, ನೂರು ವರ್ಷಗಳಿಂದ ನಮ್ಮ ಶಾಲೆಯ ಮಕ್ಕಳು ಓದಿದ ಪುಸ್ತಕಗಳು ನೋಡೋದಕ್ಕೆ ಹೇಗಿದ್ದವು?” ಮುಖ್ಯೋಪಾಧ್ಯಾಯರ ಪಟ್ಟಿ ನಮ್ಮಲ್ಲಿತ್ತು, ದಾನಿಗಳ ಪಟ್ಟಿ ಇತ್ತು, ಪರೀಕ್ಷೆಯ ಫಲಿತಾಂಶಗಳಿದ್ದವು. ಈ ಪ್ರಶ್ನೆಗೆ ಮಾತ್ರ ಉತ್ತರವಿರಲಿಲ್ಲ. ಗ್ರಂಥಾಲಯದ ಬೀರುಗಳನ್ನು ತೆರೆದು, ಗೆದ್ದಲು ಉಳಿಸಿದ್ದನ್ನು ಮೇಜಿನ ಮೇಲೆ ಹರವಿ, ಹಿರಿಯರ ಮಾತುಗಳನ್ನು ಕೇಳಿ, ತಿಳಿದ ಚರಿತ್ರೆಯನ್ನು ಅದಕ್ಕೆ ಹೊಂದಿಸಿ ಬರೆದ ಉತ್ತರವೇ ಈ ಲೇಖನ.

ಮೂರು ತಾಲೂಕು, ಎರಡು ನಕಾಶೆ

ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಎಂಬ ಮೂರು ಹೆಸರುಗಳನ್ನು ಒಟ್ಟಿಗೆ ಹೇಳುವ ರೂಢಿ ಕನ್ನಡಿಗರಿಗೆ ಬಂದದ್ದು 1956ರ ಬಳಿಕ. ಅದಕ್ಕೂ ಮೊದಲು ಜಹೀರಾಬಾದ್ ಮತ್ತು ನಾರಾಯಣಖೇಡ್ ನಿಜಾಮರ ಹೈದರಾಬಾದ್ ಸಂಸ್ಥಾನದ ಬೀದರ್ ಜಿಲ್ಲೆಗೂ, ತಾಂಡೂರು ಗುಲಬರ್ಗಾ ಜಿಲ್ಲೆಗೂ ಸೇರಿದ್ದವು. ಭಾಷಾವಾರು ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೀದರ್, ಕಲಬುರಗಿ ಪಟ್ಟಣಗಳು ಅಂದಿನ ಮೈಸೂರು ರಾಜ್ಯಕ್ಕೆ ಸೇರಿದರೆ, ಈ ಮೂರು ತಾಲೂಕುಗಳು ಆಂಧ್ರ ಪ್ರದೇಶಕ್ಕೆ ಬಂದವು. ಜಹೀರಾಬಾದ್ ತಾಲೂಕಿನಿಂದ ನಿರ್ಣಾ ಸರ್ಕಲ್ ಅತ್ತ ಹೋಯಿತು. ಬೀದರ್ ತಾಲೂಕಿನಿಂದ ನ್ಯಾಲಕಲ್ ಸರ್ಕಲ್ ಇತ್ತ ಬಂದಿತು. ಅಂದರೆ ಗೆರೆಯನ್ನು ತಾಲೂಕಿಗಿಂತ ಕೆಳಗಿನ ಹಂತದಲ್ಲಿಯೂ ಅಳೆದು ಎಳೆಯಲಾಗಿತ್ತು. ಆದರೂ ಮನೆಮಾತುಗಳು ಗೆರೆಯಂತೆ ಬೇರ್ಪಡಲಿಲ್ಲ. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. ಇಂದು ಜಹೀರಾಬಾದ್, ನಾರಾಯಣಖೇಡ್ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ.

ತಾಂಡೂರಿನ ಮಗ್ಗುಲಲ್ಲಿ ಹರಿಯುವ ಕಾಗಿಣಾ ನದಿ ಮುಂದೆ ಮಳಖೇಡವನ್ನು ಮುಟ್ಟುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ. ದೊರಕಿರುವ ಕನ್ನಡ ಕೃತಿಗಳಲ್ಲಿ ಅತ್ಯಂತ ಹಳೆಯದಾದ ‘ಕವಿರಾಜಮಾರ್ಗ’ ಹುಟ್ಟಿದ್ದು ಒಂಬತ್ತನೆಯ ಶತಮಾನದಲ್ಲಿ, ಆ ರಾಜಧಾನಿಯ ಆಸ್ಥಾನದಲ್ಲಿ. ಅದೇ ಕೃತಿ ಕೆ.ಬಿ. ಪಾಠಕರ ಸಂಪಾದನೆಯಲ್ಲಿ ಅಚ್ಚಾದದ್ದು 1898ರಲ್ಲಿ, ಬೆಂಗಳೂರಿನಲ್ಲಿ. ನಮ್ಮ ಹೊಳೆಯ ದಂಡೆಯಲ್ಲಿ ಹುಟ್ಟಿದ ಗ್ರಂಥ ಸುಮಾರು ಒಂದು ಸಾವಿರ ವರ್ಷ ತಾಳೆಗರಿಯಲ್ಲಿ ಬದುಕಿ, ಪುಸ್ತಕವಾಗಿ ಮರಳಲು ನೂರಾರು ಮೈಲಿ ಸುತ್ತಬೇಕಾಯಿತು. ಈ ಸೀಮೆಯಲ್ಲಿ ಕನ್ನಡ ಮಾತಿಗೆ ಎಂದೂ ಬರವಿರಲಿಲ್ಲ. ಬರವಿದ್ದದ್ದು ಅಚ್ಚಾದ ಕನ್ನಡಕ್ಕೆ.

ಕಲ್ಲಿನಿಂದ ಎದ್ದ ಅಕ್ಷರ

ಕನ್ನಡದ ಅಚ್ಚು ಕನ್ನಡ ನಾಡಿನ ಹೊರಗೆ ಆರಂಭವಾಯಿತು ಎಂಬುದು ಗಡಿನಾಡಿನವರಾದ ನಮಗೆ ಒಂದು ಬಗೆಯ ಸಮಾಧಾನ ಕೊಡುವ ಸಂಗತಿ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಂಪುರದಲ್ಲಿ ಮುದ್ರಣಗೊಂಡಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆಯಿತು. ಅಲ್ಲಿಂದಲೇ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಹೊರಬಂದಿತು. ಕನ್ನಡದ ಮೊದಲ ಪತ್ರಿಕೆ ಎಂಬ ಮನ್ನಣೆ ಅದಕ್ಕಿದೆ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಸ್ಥಳಾಂತರಗೊಂಡಿತು. 1848ರಿಂದ ಮೋಗ್ಲಿಂಗ್ ಅವರು ಪ್ರಕಟಿಸತೊಡಗಿದ ಹಳೆಯ ಕಾವ್ಯಗಳ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಕಲ್ಲಚ್ಚಿನಲ್ಲಿಯೇ ಜನರ ಕೈಸೇರಿದವು.

ಕಲ್ಲಚ್ಚಿನ ವಿಧಾನವನ್ನು ತಾಂಡೂರಿನ ಓದುಗರಿಗೆ ಸ್ವಲ್ಪ ವಿವರಿಸಿ ಹೇಳಬೇಕು. 1796ರ ಸುಮಾರಿಗೆ ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ ಈ ವಿಧಾನಕ್ಕೆ ಬೇಕಾದದ್ದು ನುಣುಪಾದ ಸುಣ್ಣಕಲ್ಲು. ಅದರ ಮೇಲೆ ಜಿಡ್ಡಿನ ಮಸಿಯಿಂದ ಬರೆಯುತ್ತಾರೆ. ಬಳಿಕ ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಮಸಿಯ ಉರುಳೆಯನ್ನು ಹಾಯಿಸುತ್ತಾರೆ. ಜಿಡ್ಡು ಇದ್ದಲ್ಲಿ ಮಸಿ ಹಿಡಿಯುತ್ತದೆ, ನೀರು ಇದ್ದಲ್ಲಿ ಹಿಡಿಯುವುದಿಲ್ಲ. ಅದರ ಮೇಲೆ ಕಾಗದವನ್ನು ಒತ್ತಿದರೆ ಬರಹ ಕಾಗದಕ್ಕೆ ಇಳಿಯುತ್ತದೆ. ತಾಂಡೂರಿನ ಹಾಸುಗಲ್ಲು, ಶಹಾಬಾದಿನ ಫರಸಿ ಕೂಡ ಸುಣ್ಣಕಲ್ಲಿನ ಜಾತಿಯವೇ. ಆದರೆ ಅಚ್ಚಿಗೆ ಬೇಕಾದ ಅತಿ ಸಣ್ಣ ಕಣದ ಕಲ್ಲಿಗೆ ಜಗತ್ತಿನಲ್ಲೆಲ್ಲ ಹೆಸರಾದದ್ದು ಬವೇರಿಯಾದ ಸೋಲ್ನ್‌ಹೋಫೆನ್ ಗಣಿ. ಮನೆಯ ನೆಲಕ್ಕೆ ಹಾಸುವ ಕಲ್ಲಿನ ದೂರದ ಬಂಧುವೊಂದು ಪುಸ್ತಕದ ಪುಟವಾಗಿತ್ತು ಎಂದು ನಮ್ಮ ಮಕ್ಕಳಿಗೆ ಹೇಳಿದಾಗ ಅವರು ನೆಲವನ್ನು ಮುಟ್ಟಿ ನೋಡಿದರು.

ಕಲ್ಲಚ್ಚಿನಲ್ಲಿ ಬರೆಯುವವನ ಕೈ ಪುಟದಲ್ಲಿ ಹಾಗೆಯೇ ಉಳಿಯುತ್ತದೆ. ಹೈದರಾಬಾದ್ ಸಂಸ್ಥಾನದಲ್ಲಿ ಉರ್ದು ಪುಸ್ತಕಗಳು ಬಹುಕಾಲ ಈ ದಾರಿಯಲ್ಲೇ ನಡೆದವು. ನಸ್ತಾಲಿಕ್ ಲಿಪಿಯ ಇಳಿಜಾರು ಸಾಲುಗಳನ್ನು ಬಿಡಿ ಮೊಳೆಗಳಲ್ಲಿ ಜೋಡಿಸುವುದು ಕಷ್ಟವಾದ್ದರಿಂದ ಕಾತಿಬರು ಪುಟಪುಟವನ್ನೂ ಕೈಯಿಂದ ಬರೆಯುತ್ತಿದ್ದರು. ನಮ್ಮ ಶಾಲೆಯ ಮೊದಲ ತಲೆಮಾರಿನ ಮಕ್ಕಳು ಹೀಗೆ ಮೂರು ಬಗೆಯ ಪುಟಗಳ ನಡುವೆ ಬೆಳೆದರು: ಕಾತಿಬರ ಕೈಬರಹದ ಉರ್ದು, ಮೊಳೆಯಚ್ಚಿನ ತೆಲುಗು, ದೂರದಿಂದ ಬಂದ ಮೊಳೆಯಚ್ಚಿನ ಕನ್ನಡ.

ಒತ್ತಕ್ಷರ ಕೇಳುವ ಜಾಗ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡ ಮುದ್ರಣವು ಕಲ್ಲಿನಿಂದ ಸೀಸದ ಮೊಳೆಗೆ ದಾಟಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಆ ಕೌಶಲದ ದೊಡ್ಡ ಸಾಧನೆ. ಸುಮಾರು 70,000 ಶಬ್ದಗಳನ್ನು ಎರಡು ಲಿಪಿಗಳಲ್ಲಿ ಬಿಡಿ ಮೊಳೆಗಳಿಂದ ಜೋಡಿಸಿದವರ ಹೆಸರು ಯಾವ ಪುಟದಲ್ಲಿಯೂ ದೊಡ್ಡದಾಗಿ ಕಾಣುವುದಿಲ್ಲ.

ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ. ಕನ್ನಡದ ಅಕ್ಷರ ಪಕ್ಕಕ್ಕೂ ಬೆಳೆಯುತ್ತದೆ, ಮೇಲಕ್ಕೂ ಬೆಳೆಯುತ್ತದೆ, ಕೆಳಕ್ಕೂ ಇಳಿಯುತ್ತದೆ. ಗುಣಿತದ ಗುಡಿಸು ಮೇಲಿರುತ್ತದೆ, ಕೊಂಬು ಬಲಕ್ಕೆ ಬರುತ್ತದೆ, ಒತ್ತಕ್ಷರ ಕೆಳಗೆ ಕೂರುತ್ತದೆ. ‘ಶಾಸ್ತ್ರ’ ಎಂಬ ಮಾತಿನಲ್ಲಿ ಎರಡು ಒತ್ತುಗಳಿಗೆ ಒಂದೇ ಅಕ್ಷರದ ಅಡಿಯಲ್ಲಿ ಸ್ಥಳ ಬೇಕು. ಆದ್ದರಿಂದ ಕನ್ನಡದ ಮೊಳೆಪೆಟ್ಟಿಗೆಗೆ ನೂರಾರು ಬಗೆಯ ಮೊಳೆಗಳು ಬೇಕಾದವು, ಸಾಲುಗಳ ನಡುವೆ ಹೆಚ್ಚಿನ ತೆರಪು ಬೇಕಾಯಿತು. ಕಾಗದ ಉಳಿಸಲು ಸಾಲುಗಳನ್ನು ಒತ್ತಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅಕ್ಷರ ಕಲಿಯುವ ಮಗುವಿಗೆ ಯಾವ ಒತ್ತು ಯಾವ ಅಕ್ಷರಕ್ಕೆ ಸೇರಿದ್ದೆಂದು ತಿಳಿಯುವುದಿಲ್ಲ. ಹಳೆಯ ಪುಸ್ತಕಗಳಲ್ಲಿ ಹೀಗೆ ಇಕ್ಕಟ್ಟಾದ ಪುಟಗಳು ಬಹಳ. ಅದರ ಹಿಂದೆ ಕಾಗದದ ಬೆಲೆಯೂ ಇತ್ತು. ಡೆಮಿ 1/8 ಆಕಾರದಲ್ಲಿ ಒಂದು ಹಾಳೆಯ ಎರಡೂ ಬದಿಗೆ ಅಚ್ಚು ಹಾಕಿ ಮಡಚಿದರೆ 16 ಪುಟಗಳ ಒಂದು ಫಾರಂ ಆಗುತ್ತದೆ. ಎರಡು ಪುಟ ಹೆಚ್ಚಾಗಿ ಇನ್ನೊಂದು ಫಾರಮಿಗೆ ಉರುಳಿದರೆ ಖರ್ಚು ಏರುತ್ತದೆ. ಬಡ ಪ್ರಕಾಶಕನು ತೆರಪನ್ನೇ ಕತ್ತರಿಸಿ ಪುಸ್ತಕವನ್ನು ಉಳಿಸಿದನು ಎಂದು ತಿಳಿದಾಗ ಆ ಪುಟಗಳನ್ನು ನಾವು ಬೇರೆ ಕಣ್ಣಿನಿಂದ ನೋಡತೊಡಗಿದೆವು.

ಇಲ್ಲಿ ತೆಲುಗಿನ ಮಾತನ್ನೂ ಹೇಳಬೇಕು. ಕನ್ನಡ, ತೆಲುಗು ಲಿಪಿಗಳೆರಡೂ ಒಂದೇ ಹಳೆಯ ಲಿಪಿಯ ಮಕ್ಕಳು. ನಡುಗಾಲದಲ್ಲಿ ನಿಧಾನವಾಗಿ ಕವಲೊಡೆದು, ಅಚ್ಚಿನ ಮೊಳೆಗಳು ಬಂದ ಮೇಲೆ ತಮ್ಮ ತಮ್ಮ ರೂಪದಲ್ಲಿ ಗಟ್ಟಿಯಾದವು. ಗ, ಜ, ದ, ನ, ಬ, ಲ ಇಂದಿಗೂ ಅಕ್ಕತಂಗಿಯರಂತಿವೆ. ಕ, ತ, ಶ ದೂರ ಹೋಗಿವೆ. ಕನ್ನಡದ ತಲೆಕಟ್ಟು ಅಕ್ಷರದ ಮೇಲೆ ಮಲಗಿ ಬಲತುದಿಯಲ್ಲಿ ಬಾಗುತ್ತದೆ. ತೆಲುಗಿನದು ಸರಿ ಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ. ಒಂದೇ ದಿನ ಎರಡನ್ನೂ ಬರೆಯುವ ನಮ್ಮ ಮಕ್ಕಳ ಪಾಟಿಗಳಲ್ಲಿ ಒಂದರ ತಲೆಕಟ್ಟು ಇನ್ನೊಂದಕ್ಕೆ ಏರಿರುವುದನ್ನು ಎಲ್ಲ ಶಿಕ್ಷಕರೂ ಕಂಡಿದ್ದಾರೆ. ಹಿಂದೆ ಅದನ್ನು ತಪ್ಪೆಂದು ಗೀಟು ಹಾಕುತ್ತಿದ್ದೆವು. ಈಗಲೂ ತಿದ್ದುತ್ತೇವೆ; ಆದರೆ ಅದು ಎರಡು ಲಿಪಿಗಳ ಹಳೆಯ ನಂಟು ಮಗುವಿನ ಕೈಯಲ್ಲಿ ನೆನಪಾಗುವ ಪರಿ ಎಂದೂ ಬಲ್ಲೆವು.

ನಿಜಾಮರ ಕಾಲದಲ್ಲಿ ಕನ್ನಡ ಪುಸ್ತಕ

ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತ ಮತ್ತು ಉನ್ನತ ಶಿಕ್ಷಣದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿಯೇ ವಿಜ್ಞಾನ, ವೈದ್ಯಕೀಯಗಳನ್ನೂ ಬೋಧಿಸಿತು. ಭಾರತೀಯ ಭಾಷೆಯೊಂದು ಉನ್ನತ ವಿದ್ಯೆಯನ್ನು ಹೊರಬಲ್ಲದೆಂಬುದಕ್ಕೆ ಅದು ದೊಡ್ಡ ನಿದರ್ಶನವಾಯಿತು. ಆದರೆ ಸಂಸ್ಥಾನದ ಬಹುಜನರ ಮನೆಮಾತುಗಳಾದ ತೆಲುಗು, ಮರಾಠಿ, ಕನ್ನಡಗಳಿಗೆ ಆ ಭಾಗ್ಯ ಒದಗಲಿಲ್ಲ. ಕಲಬುರಗಿಯ ನೂತನ ವಿದ್ಯಾಲಯದಂಥ ಖಾಸಗಿ ಸಂಸ್ಥೆಗಳು, ಊರಿನವರು ಕೂಡಿ ನಡೆಸಿದ ಸಣ್ಣ ಶಾಲೆಗಳು ಆ ಕೊರತೆಯನ್ನು ತಮಗಾದಷ್ಟು ತುಂಬಿದವು. ನಮ್ಮ ಶಾಲೆ ಆ ಸಾಲಿನದು.

ಪುಸ್ತಕಗಳು ಎಲ್ಲಿಂದ ಬರಬೇಕು? ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು, ಮಂಗಳೂರು ಮದರಾಸಿನಲ್ಲಿತ್ತು, ಬೆಂಗಳೂರು ಮೈಸೂರು ಸಂಸ್ಥಾನದಲ್ಲಿತ್ತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವೂ, 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ ಹುಟ್ಟಿದ್ದವು. 1923ರಲ್ಲಿ ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಪ್ರಕಟವಾಯಿತು. ಮುಂದೆ ಅವರು ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಸ್ಥಾಪಿಸಿದರು. ನಮ್ಮ ಸೀಮೆಯ ಮನೆಗಳಲ್ಲಿ ಬಾಯಿಂದ ಬಾಯಿಗೆ ನಡೆದು ಬಂದಿದ್ದ ವಚನಗಳು ಪುಟದ ಮೇಲೆ ಸಾಲುಸಾಲಾಗಿ ನಿಂತದ್ದನ್ನು ಕಂಡವರಿಗೆ ಆದ ಅನುಭವವನ್ನು ಇಂದು ಊಹಿಸುವುದು ಕಷ್ಟ. ಸಾಹಿತ್ಯ ಸಮ್ಮೇಳನ 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಗೆ, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿಗೆ ಬಂದಿತು. ಮಕ್ಕಳಿಗಾಗಿ ಬರೆದ ಪಂಜೆಯವರು ನಿಜಾಮರ ರಾಜ್ಯದ ಕನ್ನಡಿಗರ ನಡುವೆ ಬಂದು ನಿಂತದ್ದು ಶಾಲೆ ನಡೆಸುವವರಿಗೆ ಸಣ್ಣ ಮಾತಾಗಿರಲಿಲ್ಲ.

ಆ ಕಾಲದ ಪುಸ್ತಕಗಳ ಮುಖಪುಟಗಳಲ್ಲಿ ಚಿತ್ರ ವಿರಳ. ಸುತ್ತ ಮೊಳೆಯಿಂದಲೇ ಜೋಡಿಸಿದ ಹೂಬಳ್ಳಿಯ ಚೌಕಟ್ಟು, ನಡುವೆ ದಪ್ಪಕ್ಷರದ ಹೆಸರು, ಕೆಳಗೆ ಗ್ರಂಥಕರ್ತರು, ಮುದ್ರಣಾಲಯ, ಬೆಲೆ. ಚಿತ್ರ ಬೇಕೆಂದರೆ ಬ್ಲಾಕ್ ಮಾಡಿಸಬೇಕು, ಬಣ್ಣ ಬೇಕೆಂದರೆ ಪ್ರತಿ ಬಣ್ಣಕ್ಕೂ ಒಂದು ಬ್ಲಾಕ್ ಬೇಕು. ಎಷ್ಟೋ ಮುಖಪುಟಗಳು ಕೆಂಪು ಅಥವಾ ನೀಲಿ ಎಂಬ ಒಂದೇ ಮಸಿಯಲ್ಲಿ ಮುಗಿಯುತ್ತಿದ್ದವು.

ಕಲಬುರಗಿಯ ಹುಡುಗನೊಬ್ಬ

ನಮ್ಮ ವಿದ್ಯಾರ್ಥಿನಿ ಓದುತ್ತಿರುವ ವಿದ್ಯೆ ಗಡಿಸೀಮೆಗೆ ಹೊಸದೆಂದು ನಾವು ಭಾವಿಸಿದ್ದೆವು. ಹುಡುಕುತ್ತ ಹೋದಾಗ ಎಸ್.ಎಂ. ಪಂಡಿತರ ಹೆಸರು ನಮ್ಮನ್ನು ತಿದ್ದಿತು. ಸಾಂಬಾನಂದ ಮೋನಪ್ಪ ಪಂಡಿತರು 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದರು. ತಾಂಡೂರು ಆಗ ಅದೇ ಜಿಲ್ಲೆಯ ಭಾಗ. ಚಿತ್ರಕಲೆ ಕಲಿಯಲು ಮದರಾಸಿಗೂ ಮುಂಬಯಿಗೂ ಹೋದ ಅವರು, ಮುಂಬಯಿಯಲ್ಲಿ ಸಿನಿಮಾ ಪ್ರಚಾರಚಿತ್ರಗಳ ಕಲಾವಿದರಾಗಿ ಹೆಸರಾದರು. ಬಾಬೂರಾವ್ ಪಟೇಲರ ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟಗಳು ಅವರ ಕುಂಚದಿಂದ ಮೂಡಿ ದೇಶದ ಉದ್ದಗಲದ ಪುಸ್ತಕದ ಅಂಗಡಿಗಳಲ್ಲಿ ತೂಗಿದವು. ಅವರ ಕ್ಯಾಲೆಂಡರ್ ಚಿತ್ರಗಳ ದೇವದೇವಿಯರು ನಮ್ಮ ಮನೆಗಳ ಗೋಡೆಗಳಲ್ಲಿಯೂ ಇದ್ದರು, ಬರೆದವರು ಪಕ್ಕದೂರಿನವರೆಂದು ನಮ್ಮ ಹಿರಿಯರಲ್ಲಿ ಹಲವರಿಗೆ ತಿಳಿದಿರಲಿಲ್ಲ. ಪಂಡಿತರು 1993ರಲ್ಲಿ ತೀರಿಕೊಂಡರು. ಕಲಬುರಗಿಯ ರಂಗಮಂದಿರ ಅವರ ಹೆಸರನ್ನು ಹೊತ್ತಿದೆ.

ಉರ್ದು ಆಡಳಿತದ, ಕನ್ನಡ ಪುಸ್ತಕ ಅಪರೂಪವಾಗಿದ್ದ ಊರಿನಿಂದ ಹೊರಟ ಹುಡುಗನೊಬ್ಬ ಮುಖಪುಟಗಳ ಕಲೆಯಲ್ಲಿ ದೇಶಕ್ಕೇ ಪರಿಚಿತನಾದನು. ಹಾಗೆ ಹೋಗಲು ಅವನಿಗೆ ಊರು ಬಿಡಬೇಕಾಯಿತು ಎಂಬುದೂ ಅಷ್ಟೇ ನಿಜ.

ಮುಖಪುಟಕ್ಕೆ ಬಂದ ಮನ್ನಣೆ

ಕನ್ನಡದಲ್ಲಿ ಪುಸ್ತಕದ ಅಂದವನ್ನು ಮೊದಲು ಗಂಭೀರವಾಗಿ ಎಣಿಸಿದವರಲ್ಲಿ ಲೇಖಕರೂ ಪ್ರಕಾಶಕರೂ ಒಬ್ಬರೇ ಆಗಿದ್ದವರು ಹಲವರು. ಶಿವರಾಮ ಕಾರಂತರು 1930ರ ದಶಕದಲ್ಲಿ ‘ಬಾಲ ಪ್ರಪಂಚ’ ಎಂಬ ಮಕ್ಕಳ ವಿಶ್ವಕೋಶವನ್ನು ಚಿತ್ರಗಳೊಡನೆ ಹೊರತಂದರು. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೂ ನಡೆಸಿದರು. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದಿಂದ ದೂರದ ಊರುಗಳಿಗೂ ಪುಸ್ತಕ ಮುಟ್ಟಿಸಿತು. ಬಿ.ಜಿ.ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಕೃತಿಗೆ ಗಿಡಮರಗಳ ಚಿತ್ರಗಳನ್ನು ತಾವೇ ಬರೆದರು. ಆ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದರಲ್ಲಿ ಚಿತ್ರ ಮಾತಿನ ಅಲಂಕಾರವಾಗಿ ಕೂರದೆ ಮಾತಿನ ಕೆಲಸವನ್ನೇ ಮಾಡುತ್ತದೆ.

‘ಸುಧಾ’, ‘ಮಯೂರ’, ‘ತುಷಾರ’ಗಳ ಕಾಲದಲ್ಲಿ ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್ ಮುಂತಾದವರ ರೇಖೆಗಳು ಕಥೆಗಳೊಡನೆ ಕನ್ನಡಿಗರ ಮನೆ ಹೊಕ್ಕವು. ಈ ಶತಮಾನದಲ್ಲಿ ‘ಅಪಾರ’ ಎಂಬ ಹೆಸರಿನಿಂದ ಕೆಲಸ ಮಾಡುವ ವಿನ್ಯಾಸಕಾರರ ಮುಖಪುಟಗಳು ಎಷ್ಟೋ ಹೊಸ ಕನ್ನಡ ಪುಸ್ತಕಗಳಿಗೆ ಗುರುತು ಕೊಟ್ಟಿವೆ. ಕನ್ನಡ ಪುಸ್ತಕ ಪ್ರಾಧಿಕಾರವು ‘ಪುಸ್ತಕ ಸೊಗಸು’ ಬಹುಮಾನವನ್ನು, ಮುಖಪುಟದ ಚಿತ್ರಕ್ಕೂ ವಿನ್ಯಾಸಕ್ಕೂ ಬೇರೆ ಬಹುಮಾನಗಳನ್ನು ಕೊಡುತ್ತ ಬಂದಿದೆ. ಬರೆದವರಿಗೆ ಸಲ್ಲುವ ಗೌರವದ ಒಂದು ಪಾಲು ಪುಸ್ತಕವನ್ನು ಕಟ್ಟಿದವರಿಗೂ ಸಲ್ಲಬೇಕೆಂಬ ಒಪ್ಪಿಗೆ ಅದರಲ್ಲಿದೆ.

ಗೆರೆಯ ಈಚೆಯ ಪಠ್ಯಪುಸ್ತಕ

1956ರ ನಂತರ ನಮ್ಮ ಮಕ್ಕಳ ಕೈಯಲ್ಲಿದ್ದ ಪುಸ್ತಕ ಬೇರೆ ಬಗೆಯದು. ಗಣಿತ, ವಿಜ್ಞಾನ, ಸಮಾಜಗಳ ಪಠ್ಯ ರಾಜ್ಯಕ್ಕೆಲ್ಲ ಒಂದೇ. ಅದು ಭಾಷಾ ಅಲ್ಪಸಂಖ್ಯಾತರ ಮಾಧ್ಯಮಗಳಿಗೆ ಅನುವಾದವಾಗಿ ಬರುತ್ತದೆ. ಹೀಗೆ ಬರುವ ಪುಸ್ತಕದಲ್ಲಿ ಚಿತ್ರ, ಚೌಕಟ್ಟು, ಪುಟದ ಅಳತೆ ಮೊದಲೇ ನಿಶ್ಚಯವಾಗಿರುತ್ತವೆ. ಕನ್ನಡದ ವಾಕ್ಯ ಆ ಚೌಕಟ್ಟಿಗೆ ಹೊಂದಿಕೊಳ್ಳಬೇಕು. ಮಾತು ಉದ್ದವಾದರೆ ಅಕ್ಷರ ಸಣ್ಣದಾಗುತ್ತದೆ, ಸಾಲುಗಳು ಒತ್ತುತ್ತವೆ, ಒತ್ತಕ್ಷರ ಮತ್ತೆ ಇಕ್ಕಟ್ಟಿಗೆ ಸಿಲುಕುತ್ತದೆ. ಸೀಸದ ಮೊಳೆಯ ಕಾಲದ ಹಳೆಯ ಸಂಕಟ ಹೊಸ ವೇಷದಲ್ಲಿ ಮರಳಿತು. ಅನುವಾದಕರ ಶ್ರಮವನ್ನು ಕಡಿಮೆ ಮಾಡಿ ಹೇಳುವುದು ನಮ್ಮ ಉದ್ದೇಶವಲ್ಲ. ನಮ್ಮ ಶಿಕ್ಷಕರಲ್ಲಿಯೂ ಆ ಕೆಲಸ ಮಾಡಿದವರಿದ್ದಾರೆ. ಕೆಲವೇ ಮಕ್ಕಳಿಗಾಗಿ ಇಡೀ ಪುಸ್ತಕ ಅಚ್ಚಾಗುವುದು ಒಂದು ದೊಡ್ಡ ಹಕ್ಕು. ಆ ಹಕ್ಕು ಓದಲು ಹಿತವಾದ ಪುಟವಾಗಿ ಮಗುವಿನ ಕೈಗೆ ಬರಬೇಕು ಎಂಬುದಷ್ಟೇ ನಮ್ಮ ಮಾತು.

ಕಂಪ್ಯೂಟರಿನಲ್ಲಿ ಮುರಿದ ಒತ್ತು

ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ದುಡಿದವರಲ್ಲಿ ಕೆ.ಪಿ. ರಾಯರು ಮೊದಲಿಗರು. ಇಂದು ಬಳಕೆಯಲ್ಲಿರುವ ಕೀಲಿಮಣೆಯ ವಿನ್ಯಾಸಕ್ಕೆ ಅವರ ಯೋಚನೆಯೇ ತಳಹದಿ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ರೂಪಿಸಿತು. ಮೈಕ್ರೋಸಾಫ್ಟ್ ಸಂಸ್ಥೆಗಾಗಿ ಆರ್.ಕೆ. ಜೋಶಿಯವರ ನಿರ್ದೇಶನದಲ್ಲಿ ಕನ್ನಡಕ್ಕೆ ‘ತುಂಗಾ’, ತೆಲುಗಿಗೆ ‘ಗೌತಮಿ’ ಫಾಂಟುಗಳು ರೂಪುಗೊಂಡವು. ಎರಡು ಭಾಷೆಗಳಿಗೆ ಎರಡು ನದಿಗಳ ಹೆಸರು.

ಆದರೆ ಯುನಿಕೋಡ್ ಎಲ್ಲೆಡೆ ನೆಲೆಗೊಳ್ಳುವವರೆಗೆ ಒಂದು ಯಂತ್ರದಲ್ಲಿ ಬೆರಳಚ್ಚಿಸಿದ ಕನ್ನಡ ಇನ್ನೊಂದು ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗುತ್ತಿತ್ತು. ಯುನಿಕೋಡ್ ಬಂದ ಮೇಲೆಯೂ ಭಾರತೀಯ ಲಿಪಿಗಳಿಗೆ ಹೊಂದಿಸಿರದ ಪುಟವಿನ್ಯಾಸದ ತಂತ್ರಾಂಶದಲ್ಲಿ ಒತ್ತಕ್ಷರಗಳು ಬಿಚ್ಚಿಕೊಂಡು, ಅರ್ಧ ಅಕ್ಷರವೂ ಪೂರ್ಣ ಅಕ್ಷರವೂ ಸಾಲಾಗಿ ನಿಲ್ಲುತ್ತವೆ. ಕೆಲವು ವರ್ಷಗಳ ಹಿಂದೆ ನಮ್ಮ ವಾರ್ಷಿಕೋತ್ಸವದ ಬ್ಯಾನರ್ ಒಂದು ಪಟ್ಟಣದ ಮುದ್ರಣಾಲಯದಿಂದ ಹಾಗೆಯೇ ಬಂದಿತು. ಅಚ್ಚು ಹಾಕಿದವರಿಗೆ ಕನ್ನಡ ಬಾರದು, ಕರಡು ನೋಡಲು ನಮಗೆ ಸಮಯವಿರಲಿಲ್ಲ. ತಪ್ಪಿನಲ್ಲಿ ನಮ್ಮ ಪಾಲೂ ಇತ್ತು. ಶಾಲೆಯ ಹೆಸರಿನ ಒತ್ತು ಮುರಿದು ಬಿದ್ದ ಬ್ಯಾನರಿನ ಕೆಳಗೆ ಮಕ್ಕಳು ನಾಡಗೀತೆ ಹಾಡಿದರು. ಅತಿಥಿಗಳಲ್ಲಿ ಯಾರೂ ಏನೂ ಹೇಳಲಿಲ್ಲ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಮಾತ್ರ, “ಸರ್, ನಮ್ಮ ಶಾಲೆ ಹೆಸರು ನಮಗೇ ಓದೋಕೆ ಬರ್ತಿಲ್ಲ” ಎಂದಳು. ಈ ಸಂಚಿಕೆಯನ್ನು ವಿನ್ಯಾಸಗೊಳಿಸಿದವಳು ಅವಳೇ.

ಈ ಸಂಚಿಕೆ ಹೇಗಾಯಿತು

ಆಕೆಯ ವಿನ್ಯಾಸದ ತರಗತಿಯಲ್ಲಿ ಪಾಠಕ್ಕೆ ತೋರಿಸುವ ಮಾದರಿಗಳೆಲ್ಲ ಇಂಗ್ಲಿಷ್ ಅಕ್ಷರಗಳವು. ತನ್ನ ಅಭ್ಯಾಸಕ್ಕಾಗಿ ಆಕೆ ಆರಿಸಿಕೊಂಡದ್ದು ನಮ್ಮ ಬೀರುವಿನ ಕನ್ನಡ ಪುಸ್ತಕಗಳನ್ನು. ಒಂದೇ ಪಾಠದ ಪುಟವನ್ನು ಮೂರು ಬಗೆಯಲ್ಲಿ ಜೋಡಿಸಿ ತಂದು ಮೂರನೆಯ ತರಗತಿಯ ಮಕ್ಕಳ ಮುಂದಿಟ್ಟಳು. ಸಾಲುಗಳು ಒತ್ತಾಗಿದ್ದ ಪುಟದಲ್ಲಿ ಮಕ್ಕಳು ಬೆರಳಿಟ್ಟು ಓದಿದರು. ತೆರಪು ಹೆಚ್ಚಿದ್ದ ಪುಟದಲ್ಲಿ ಬೆರಳು ತಾನಾಗಿ ಮೇಲೆದ್ದಿತು. ಹಲವು ವರ್ಷಗಳ ಕಾಲ ‘ಓದಿನಲ್ಲಿ ಹಿಂದೆ’ ಎಂದು ನಾವು ಗುರುತು ಹಾಕಿದ ಮಕ್ಕಳಲ್ಲಿ ಕೆಲವರಿಗಾದರೂ ತೊಡಕಾಗಿದ್ದದ್ದು ಪುಟವೇ ಇರಬಹುದೆಂಬ ಯೋಚನೆ ಆ ದಿನ ನಮ್ಮನ್ನು ಸುಮ್ಮನಾಗಿಸಿತು.

ಮುಖಪುಟದ ವಿಷಯದಲ್ಲಿ ಸಮಿತಿಯೊಳಗೆ ಭಿನ್ನಾಭಿಪ್ರಾಯವಿತ್ತು. ಪಾಲಕರಲ್ಲಿ ಅನೇಕರು ಮನೆಯಲ್ಲಿ ಕನ್ನಡ ಆಡಿದರೂ ಓದು ಬಲ್ಲದ್ದು ತೆಲುಗಿನಲ್ಲಿ. ಆದ್ದರಿಂದ ಹೆಸರು ತೆಲುಗಿನಲ್ಲಿಯೂ ಇರಲಿ ಎಂದು ಕೆಲವರು ಹೇಳಿದರು. ಶತಮಾನೋತ್ಸವದ ದಿನವೂ ಕನ್ನಡ ಒಂಟಿಯಾಗಿ ನಿಲ್ಲಲಾರದೆ ಎಂದು ಹಿರಿಯರೊಬ್ಬರು ನೊಂದು ಕೇಳಿದರು. ಎರಡೂ ಮಾತು ನಮ್ಮವೇ ಆಗಿದ್ದವು. ಮಕ್ಕಳ ಸಂಖ್ಯೆ ಕುಗ್ಗುತ್ತಿರುವ ಶಾಲೆಗೆ ಪಾಲಕರನ್ನು ಹೊರಗಿಡುವ ಧೈರ್ಯವಿರಬಾರದು. ತನ್ನ ಹೆಸರನ್ನು ತಾನೇ ಕಿರಿದುಗೊಳಿಸುವ ಅಂಜಿಕೆಯೂ ಇರಬಾರದು.

ದಾರಿ ತೋರಿಸಿದವಳು ವಿದ್ಯಾರ್ಥಿನಿಯೇ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೋ ರೂಪಿಸಿದ ‘ಅಕಾಯ ಕನಡಕ’ ಎಂಬ ಕನ್ನಡ ಫಾಂಟಿಗೆ ‘ಅಕಾಯ ತೆಲಿವಿಗಳ’ ಎಂಬ ತೆಲುಗು ಜೊತೆಗಾತಿಯಿದೆ. ಎರಡೂ ಮುಕ್ತವಾಗಿ ದೊರೆಯುತ್ತವೆ. ಒಂದೇ ಕೈ ಎರಡು ಲಿಪಿ ಬರೆದಂತೆ ಕಾಣುವ ಈ ಜೋಡಿಯನ್ನು ಆಕೆ ನಮ್ಮ ಮುಂದಿಟ್ಟಳು. ಮುಂಬದಿಯಲ್ಲಿ ಶಾಲೆಯ ಹೆಸರು ಕನ್ನಡದಲ್ಲಿ ಮಾತ್ರ ನಿಂತಿದೆ, ಒತ್ತಕ್ಷರಕ್ಕೆ ಬೇಕಾದಷ್ಟು ಜಾಗದೊಡನೆ. ಹಿಂಬದಿಯಲ್ಲಿ ಶಾಲೆಯ ಸಂಕ್ಷಿಪ್ತ ಚರಿತ್ರೆ ತೆಲುಗು ಮತ್ತು ಉರ್ದುವಿನಲ್ಲಿದೆ, ಅಷ್ಟೇ ಮರ್ಯಾದೆಯ ಅಳತೆಯಲ್ಲಿ. ಹಿನ್ನೆಲೆಯ ಬೂದುನೀಲಿ ತಾಂಡೂರಿನ ಹಾಸುಗಲ್ಲಿನ ಬಣ್ಣ. ನೊಂದು ಕೇಳಿದ ಹಿರಿಯರು ಕರಡನ್ನು ಬಹಳ ಹೊತ್ತು ನೋಡಿ, ಹೆಸರಿನ ಒತ್ತಿನ ಮೇಲೆ ಬೆರಳಾಡಿಸಿ, “ಸರಿಯಾಗಿದೆ, ಅಚ್ಚಿಗೆ ಕಳಿಸ್ರಿ” ಎಂದರು.

ಪುಟಗಳ ವಿಷಯದ ಲೆಕ್ಕವನ್ನೂ ಓದುಗರ ಮುಂದಿಡಬೇಕು. ಆಕೆ ಕೇಳಿದಷ್ಟು ತೆರಪು ಬಿಟ್ಟದ್ದರಿಂದ ಸಂಚಿಕೆ ಒಂದು ಫಾರಂ ಬೆಳೆಯಿತು. ಆ ಖರ್ಚನ್ನು ಉಳಿಸಲು ಗಣ್ಯರ ಶುಭಸಂದೇಶಗಳ ಪುಟಗಳನ್ನು ಕಡಿಮೆ ಮಾಡಿದ್ದೇವೆ. ಯಾರಿಗಾದರೂ ಇದರಿಂದ ಬೇಸರವಾಗಿದ್ದರೆ ಆ ಹೊಣೆ ಸಮಿತಿಯದು.

ನೂರು ವರ್ಷಗಳ ಹಿಂದೆ ಈ ಸೀಮೆಯ ಮಗುವಿಗೆ ಕನ್ನಡ ಪುಸ್ತಕ ದೂರದಿಂದ ಬರಬೇಕಾಗಿತ್ತು. ಹೊರ ಊರಿನಲ್ಲಿ ಯಾರೋ ಅದರ ಮೊಳೆ ಜೋಡಿಸುತ್ತಿದ್ದರು, ಯಾರೋ ಅದರ ಮುಖ ಬರೆಯುತ್ತಿದ್ದರು. ಈ ಸಂಚಿಕೆಯ ಪ್ರತಿ ಅಕ್ಷರ ಇಲ್ಲಿಯೇ ಕುಳಿತು, ಇಲ್ಲಿಯೇ ಕಲಿತವಳ ಕೈಯಿಂದ ಜೋಡಣೆಯಾಗಿದೆ. ಇದರಿಂದ ಶಾಲೆಯ ಎಲ್ಲ ಚಿಂತೆಗಳೂ ಕಳೆದವೆಂದು ನಾವು ಹೇಳಲಾರೆವು. ಮುಂದಿನ ವರ್ಷ ಒಂದನೆಯ ತರಗತಿಗೆ ಎಷ್ಟು ಮಕ್ಕಳು ಬರುವರೆಂಬುದು ನಮಗಿನ್ನೂ ಚಿಂತೆಯ ವಿಷಯವೇ. ಪಾಲಕರಲ್ಲಿ ನಮ್ಮದೊಂದು ವಿನಂತಿ: ಇಂದು ರಾತ್ರಿ ಈ ಪುಸ್ತಕವನ್ನು ಮಗುವಿನ ಕೈಗೆ ಕೊಟ್ಟು, ಮುಖಪುಟದ ಹೆಸರನ್ನು ಓದಿಸಿರಿ. ಒತ್ತಕ್ಷರದ ಬಳಿ ಮಗು ತಡವರಿಸಿದರೆ ಅವಸರಿಸಬೇಡಿರಿ. ಅಲ್ಲಿ ಬೇಕಾದಷ್ಟು ಜಾಗ ಬಿಟ್ಟಿದ್ದೇವೆ.